18 ವರ್ಷದ ಎಡ್ಡಿಗೆ ಹೊಸ ಬೆನ್ನು: ಶಿವಾಜಿನಗರದ ಒಂದು ಹೊಲಿಗೆ ಅಂಗಡಿ

ಹಳೇ ಬ್ಯಾಂಡ್ ಟೀ ಶರ್ಟ್ ಕತ್ತರಿಸಿ ಡೆನಿಮ್ ವೆಸ್ಟ್ (ತೋಳಿಲ್ಲದ ಜಾಕೆಟ್) ಬೆನ್ನಿಗೆ ಹೊಲಿಸಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸವನ್ನು ನಂಬಿ ಕೊಡಬಹುದಾದ ಕೈ ಹುಡುಕೋಕೆ ನನಗೆ ಎರಡು ವರ್ಷ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಒಂದೇ ಶಟರ್‌ನ ಅಂಗಡಿಯಲ್ಲಿ. ಬೋರ್ಡಿನ ಮೇಲೆ ಹೆಸರಿನ ಬಣ್ಣ ಹೋಗಿದೆ, ‘ಆಲ್ಟರೇಷನ್’ ಅನ್ನುವ ಪದ ಮಾತ್ರ ಓದೋಕೆ ಬರುತ್ತದೆ. ಒಳಗೆ ಎರಡು ಮಷೀನು, ಒಬ್ಬರು ಹಿರಿಯರು. ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಟೀ ಶರ್ಟ್ ಕಥೆ ಹೇಳದೆ ಅವರ ಕೆಲಸದ ಬೆಲೆ ಹೇಳೋಕೆ ಆಗಲ್ಲ.

2007ರ ಮಾರ್ಚ್ 17, ಶನಿವಾರ. ಅರಮನೆ ಮೈದಾನದಲ್ಲಿ ಐರನ್ ಮೇಡನ್, ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ನುಡಿಸುವ ಬ್ರಿಟನ್ನಿನ ಬ್ಯಾಂಡ್. ನಾನಾಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಇಬ್ಬರು ಗೆಳತಿಯರ ಜೊತೆ ರಾತ್ರಿ ಬಸ್ಸಿಗೆ ಹೊರಟೆ. ಯುಗಾದಿಗೆ ಎರಡು ಮೂರು ದಿನ ಇತ್ತು. "ಹಬ್ಬ ಇಟ್ಕೊಂಡು ಕರಿ ಬಟ್ಟೆ ಹಾಕ್ಕೊಂಡು ಹೊರಟಿದೀಯಲ್ಲೇ" ಅಂತ ಅಮ್ಮ ಬಾಗಿಲಲ್ಲಿ ನಿಂತು ಬೇಜಾರು ಮಾಡಿಕೊಂಡರು. ನಮ್ಮ ಹತ್ತಿರ ಬ್ಯಾಂಡಿನ ಟೀ ಶರ್ಟ್ ಎಲ್ಲಿಂದ ಬರಬೇಕು? ಸಾದಾ ಕಪ್ಪು ಕುರ್ತಾ ಹಾಕಿಕೊಂಡು ಹೋಗಿದ್ದೆ.

ಮೈದಾನದ ಹೊರಗೆ ಫುಟ್‌ಪಾತ್ ಮೇಲೆ ಹುಡುಗರು ರಾಶಿ ಹಾಕಿಕೊಂಡು ಮಾರುತ್ತಿದ್ದರು. ನೂರೈವತ್ತು ರೂಪಾಯಿ. ಎಲ್ಲವೂ ಗಂಡಸರ ಅಳತೆ. ಇದ್ದುದರಲ್ಲಿ ಚಿಕ್ಕದು ಅಂತ ತೆಗೆದುಕೊಂಡಿದ್ದು ನನಗೆ ಮೊಣಕಾಲಿನ ಹತ್ತಿರ ಬರುತ್ತಿತ್ತು. ಎದೆ ತುಂಬ ಎಡ್ಡಿ. ಮೇಡನ್ ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಎಡ್ಡಿ ಆ ಬ್ಯಾಂಡಿನ ಗುರುತು. ಕಣ್ಣು ಒಳಗೆ ಹೋದ, ಚರ್ಮ ಬಿಗಿದ ಹೆಣದ ಮುಖ. ಡೆರೆಕ್ ರಿಗ್ಸ್ ಬರೆದದ್ದು. 1980ರ ಮೊದಲ ಆಲ್ಬಮ್ಮಿನ ಮುಖಪುಟದಿಂದ ಇವತ್ತಿನವರೆಗೂ ಬ್ಯಾಂಡಿನ ಜೊತೆ ಬಂದಿದೆ. ಕುರ್ತಾದ ಮೇಲೆಯೇ ಟೀ ಶರ್ಟ್ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಹೆಂಗಸರ ಸಾಲು ಬಹಳ ಚಿಕ್ಕದಿತ್ತು. ಆದರೆ ಒಳಗೆ ಕಾಲಿಟ್ಟ ಮೇಲೆ ಕಣ್ಣು ಹಾಯಿಸಿದಷ್ಟು ದೂರ ಕಪ್ಪೇ ಕಪ್ಪು. ಊರಲ್ಲಿ ಈ ಹಾಡುಗಳನ್ನು ಕೇಳುವವರು ನಾವು ಮೂರೇ ಜನ ಅಂದುಕೊಂಡಿದ್ದೆವು. ಅಷ್ಟು ಜನ ಒಂದೇ ಬಣ್ಣದಲ್ಲಿ ನಿಂತಿದ್ದನ್ನು ನೋಡಿ ನನಗೆ ಅಳು ಬಂತು. ಮೇಡನ್‌ಗೂ ಮುಂಚೆ ನುಡಿಸಬೇಕಿದ್ದ ಪರಿಕ್ರಮ ಬ್ಯಾಂಡ್ ಕೂಡ ಇನ್ನೂ ವೇದಿಕೆ ಹತ್ತಿರಲಿಲ್ಲ.

ಆ ಟೀ ಶರ್ಟ್ ನಕಲಿ. ಬ್ಯಾಂಡಿಗೆ ಅದರಿಂದ ಒಂದು ಪೈಸೆ ಹೋಗಿಲ್ಲ ಅಂತ ಅವತ್ತೇ ಗೊತ್ತಿತ್ತು. ಕೆಲಸ ಸಿಕ್ಕ ಮೇಲೆ ಮೇಡನ್‌ನ ಅಸಲಿ ಟೀ ಶರ್ಟ್ ಎಷ್ಟೋ ಕೊಂಡಿದ್ದೇನೆ. ಆದರೆ ಅವತ್ತು ನನ್ನ ಮೈ ಮೇಲೆ ಇದ್ದಿದ್ದು ಇದು. 18 ವರ್ಷದಲ್ಲಿ ಕಪ್ಪು ಹೋಗಿ ಬೂದಿ ಬಣ್ಣ ಬಂದಿದೆ. ಕತ್ತಿನ ಪಟ್ಟಿ ಹರಿದಿದೆ. ಕಂಕುಳಲ್ಲಿ ತೂತು. ಎಡ್ಡಿಯ ಕೆನ್ನೆ ಮೇಲೆ ಬಣ್ಣ ಒಣಗಿದ ಕೆರೆ ತಳದ ಹಾಗೆ ಬಿರುಕು ಬಿಟ್ಟಿದೆ. ಹಾಕಿಕೊಳ್ಳೋಕೆ ಆಗಲ್ಲ, ಎಸೆಯೋಕೆ ಮನಸ್ಸಿಲ್ಲ. ಅದಕ್ಕೇ ವೆಸ್ಟ್ ಬೆನ್ನಿಗೆ ಹೊಲಿಸೋಣ ಅಂತ ತೀರ್ಮಾನ ಮಾಡಿದೆ.

ಮೆಟಲ್ ಕೇಳುವವರ ವೆಸ್ಟ್ ನೋಡಿರುತ್ತೀರಿ. ಡೆನಿಮ್ ಜಾಕೆಟ್ಟಿನ ತೋಳು ತೆಗೆದು, ಮೈ ತುಂಬ ಬ್ಯಾಂಡುಗಳ ಪ್ಯಾಚ್ (ಲೋಗೋ ಇಲ್ಲವೇ ಚಿತ್ರ ಇರುವ ಬಟ್ಟೆ ತುಂಡು) ಹೊಲಿದದ್ದು. ಬೈಕ್ ಗ್ಯಾಂಗುಗಳಿಂದ ಬಂದ ರೂಢಿ. ಎಪ್ಪತ್ತರ ಕೊನೆ, ಎಂಬತ್ತರ ಹೊತ್ತಿಗೆ ಬ್ರಿಟನ್ನಿನ ಮೆಟಲ್ ಹುಡುಗರು ಅದನ್ನು ತಮ್ಮದು ಮಾಡಿಕೊಂಡರು. ಬೆನ್ನಿನ ನಡುವೆ ದೊಡ್ಡ ಪ್ಯಾಚ್ ಒಂದೇ ಇರಬೇಕು. ಅದು ನಿಮಗೆ ಎಲ್ಲಕ್ಕಿಂತ ಹತ್ತಿರದ ಬ್ಯಾಂಡಿಗೆ. ಸುತ್ತ ಉಳಿದವರಿಗೆ ಜಾಗ. ಕೇಳದ ಬ್ಯಾಂಡಿನ ಪ್ಯಾಚ್ ಹಾಕಬಾರದು ಅನ್ನೋದು ಎಲ್ಲೂ ಬರೆದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ನಾನಂತೂ ಪಾಲಿಸುತ್ತೇನೆ. ಅಭಿಮಾನವನ್ನು ಮೈ ಮೇಲೆ ಹಾಕಿಕೊಳ್ಳೋದು ಕೇಳುಗರು ಮಾತ್ರ ಅಲ್ಲ. ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್ ತಮ್ಮ ಬೇಸ್ ಗಿಟಾರಿನ ಮೇಲೆ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನ ಲಾಂಛನ ಹಾಕಿಕೊಂಡೇ ನುಡಿಸುತ್ತಾರೆ.

ಭಾಯ್ ಹತ್ತಿರ ಬರುವ ಮೊದಲು ಒಂದು ನಷ್ಟ ಆಗಿತ್ತು. 2008ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಗಾಡೆತ್ ಬಂದಾಗ ತೆಗೆದುಕೊಂಡ ಟೀ ಶರ್ಟನ್ನು ಒಂದು ಮಾಲ್‌ನ ಆಲ್ಟರೇಷನ್ ಕೌಂಟರ್‌ಗೆ ಕೊಟ್ಟಿದ್ದೆ. ಅಂಚು ಹೊಲಿದು ನೀಟಾಗಿ ಇಸ್ತ್ರಿ ಮಾಡಿದರು, ಅದೂ ನೇರ ಪ್ರಿಂಟ್ ಮೇಲೆ. ಬಣ್ಣ ಕರಗಿ ಅರ್ಧ ಚಿತ್ರ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡು ಬಂತು. "ಹಳೇದಲ್ವಾ ಮೇಡಂ, ಹೊಸದು ತಗೊಳ್ಳಿ" ಅಂದರು. ಅದಾದ ಮೇಲೆ ಎಡ್ಡಿಯನ್ನು ಯಾರ ಕೈಗೂ ಕೊಡೋಕೆ ಧೈರ್ಯ ಬರಲಿಲ್ಲ.

ಭಾಯ್ ಮೊದಲು ಮಾಡಿದ್ದು ಏನು ಗೊತ್ತಾ? ಟೀ ಶರ್ಟನ್ನು ಒಳಗಿನ ಕಡೆ ಮೇಲೆ ಮಾಡಿ ಬೆಳಕಿಗೆ ಹಿಡಿದರು. ಎಲ್ಲಿ ಬಟ್ಟೆ ಜಾಳಾಗಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿದರು. ಬಿರುಕಿನ ಮೇಲೆ ಉಗುರು ತಾಗಿಸಲೇ ಇಲ್ಲ. ಆಮೇಲೆ ಕೇಳಿದರು, "ಇದು ಹೊಸದರ ಹಂಗೆ ಕಾಣಬೇಕಾ, ಇಲ್ಲಾ ಇದ್ದಂಗೇ ಇರಬೇಕಾ?"

"ಇದ್ದಂಗೇ ಇರಲಿ ಭಾಯ್."

"ಹಂಗಾದ್ರೆ ಕೊಡಿ."

ಈ ಒಂದು ಪ್ರಶ್ನೆಗಾಗಿ ಆ ಅಂಗಡಿಗೆ ಎಷ್ಟು ದೂರದಿಂದ ಬೇಕಾದರೂ ಹೋಗಬಹುದು ಅನ್ನಿಸಿತು. ನಮ್ಮ ಇಂಥ ಬಟ್ಟೆಗಳಿಗೆ ರಿಪೇರಿ ಗೊತ್ತಿದ್ದರೆ ಸಾಲದು. ಏನನ್ನು ಮುಟ್ಟಬಾರದು ಅಂತ ಗೊತ್ತಿರಬೇಕು.

ಕೆಲಸ ಹೇಗೆ ಮಾಡಿದರು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೀ ಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಡೆನಿಮ್ ಹಿಗ್ಗಲ್ಲ. ಎರಡನ್ನೂ ಸುಮ್ನೆ ಸೇರಿಸಿ ಹೊಲಿದರೆ ಮುಖ ಸೊಟ್ಟಗಾಗುತ್ತದೆ. ಅದಕ್ಕೆ ಅವರು ಮೊದಲು ಹಿಂದೆ ಪೇಸ್ಟಿಂಗ್ ಕ್ಯಾನ್ವಾಸ್ ಕೂರಿಸಿದರು. ಕಾಲರ್ ಗಟ್ಟಿ ನಿಲ್ಲೋಕೆ ಹಾಕುತ್ತಾರಲ್ಲ, ಅದರಲ್ಲೇ ತೆಳು. ಪ್ರಿಂಟ್ ಕೆಳಗೆ ಮಾಡಿ, ಅಡಿಗೆ ಹತ್ತಿ ಬಟ್ಟೆ ಹಾಸಿ, ಹಿಂದಿನಿಂದ ಮಾತ್ರ ಇಸ್ತ್ರಿ ಒತ್ತಿದರು. ಉಜ್ಜಲಿಲ್ಲ, ಇಟ್ಟು ಎತ್ತಿ ಇಟ್ಟು ಎತ್ತಿ.

ಆಮೇಲೆ ಜಾಕೆಟ್ ಬೆನ್ನು. ಡೆನಿಮ್ ಜಾಕೆಟ್ಟಿನ ಬೆನ್ನಲ್ಲಿ ಎರಡು ದಪ್ಪ ಜೋಡು ಹೊಲಿಗೆ ಸೊಂಟದ ಕಡೆ ಕಿರಿದಾಗುತ್ತಾ ಇಳಿಯುತ್ತವೆ. ನನ್ನದರಲ್ಲಿ ಆ ನಡುವಿನ ಜಾಗ ಮೇಲೆ 13 ಇಂಚು, ಕೆಳಗೆ 10. ಎಡ್ಡಿ 12 ಇಂಚು ಅಗಲ. ಅಂದರೆ ಕೆಳಗಿನ ಎರಡು ಮೂಲೆ ಆ ದಪ್ಪ ಹೊಲಿಗೆ ಮೇಲೇ ಕೂರಬೇಕು. ಬೇರೆಯವರಾಗಿದ್ದರೆ ಚಿತ್ರದ ಬದಿ ಕತ್ತರಿಸೋಣ ಅನ್ನುತ್ತಿದ್ದರು. ಭಾಯ್ ಸಣ್ಣ ಸುತ್ತಿಗೆ ತೆಗೆದು, ಆ ಹೊಲಿಗೆ ಮೇಲೆ ಬಟ್ಟೆ ಮಡಿಸಿ ಇಟ್ಟು, ಹತ್ತು ನಿಮಿಷ ಟಕಟಕ ಬಡಿದರು. ದಪ್ಪ ಚಪ್ಪಟೆ ಆಯಿತು. ಸುತ್ತಲೂ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಮಷೀನಿಗೆ ದಪ್ಪ ಸೂಜಿ ಸಿಕ್ಕಿಸಿ ಜಿಗ್‌ಜಾಗ್ ಹೊಡೆದರು. ಮೂಲೆ ಬಂದಾಗ ಪೆಡಲ್ ಮೇಲಿಂದ ಕಾಲು ತೆಗೆದು ಚಕ್ರವನ್ನು ಕೈಯಲ್ಲೇ ತಿರುಗಿಸಿದರು. ಒಂದೊಂದೇ ಹೊಲಿಗೆ. ನಾನು ಉಸಿರು ಬಿಗಿ ಹಿಡಿದು ನೋಡುತ್ತಾ ನಿಂತಿದ್ದೆ.

ಒಂದು ವಿಷಯಕ್ಕೆ ಮಾತ್ರ ನಮಗೆ ವಾದ ಆಯಿತು. ತೋಳು ಬಿಚ್ಚಿದ ಮೇಲೆ ಅಂಚನ್ನು ಮಡಿಸಿ ಹೊಲಿಯೋದು ಬೇಡ, ನೂಲು ಎದ್ದು ನಿಲ್ಲಲಿ ಅಂದೆ. ನಲವತ್ತು ವರ್ಷ ಅಂಚು ಮಡಿಸಿದ ಕೈಗೆ ಅದು ಒಪ್ಪಲಿಲ್ಲ. "ಹಂಗೇ ಬಿಟ್ರೆ ನನ್ ಹೆಸರು ಹಾಳಾಗ್ತದೆ ಅಮ್ಮಾ" ಅಂದರು. ಕೊನೆಗೆ ಅವರೇ ದಾರಿ ಹುಡುಕಿದರು. ಅಂಚಿನಿಂದ ಅರ್ಧ ಇಂಚು ಒಳಗೆ ಒಂದು ಸುತ್ತು ಹೊಲಿಗೆ ಹಾಕಿದರು. ನೂಲು ಅಲ್ಲಿವರೆಗೆ ಬಿಚ್ಚಿಕೊಂಡು ನಿಲ್ಲುತ್ತದೆ, ಮುಂದೆ ಹರಿಯಲ್ಲ. ನನ್ನ ಆಸೆಯೂ ಉಳಿಯಿತು, ಅವರ ಹೆಸರೂ ಉಳಿಯಿತು.

ಇನ್ನೊಂದು ಭಾಗ ಎದುರಿನ ಮಹಡಿಯಲ್ಲಿ ನಡೆಯಿತು. ಅಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನಿದೆ. ದಿನವಿಡೀ ಶಾಲೆ ಯೂನಿಫಾರ್ಮಿನ ಬ್ಯಾಡ್ಜ್ ಹೊಡೆಯುತ್ತಾರೆ. ಬ್ಯಾಂಡುಗಳ ಲೋಗೋ ಅಲ್ಲಿ ಮಾಡಿಸೋದು ನನಗೆ ಇಷ್ಟ ಇರಲಿಲ್ಲ. ಪ್ಯಾಚ್‌ಗಳನ್ನು ದುಡ್ಡು ಕೊಟ್ಟು ಬ್ಯಾಂಡುಗಳಿಂದಲೇ ತರಿಸಿದ್ದೆ. ಅದರಲ್ಲಿ ನನಗೆ ಹೆಮ್ಮೆಯದು ಕ್ರಿಪ್ಟೋಸ್ ಪ್ಯಾಚ್. 1998ರಲ್ಲಿ ನಮ್ಮ ಬೆಂಗಳೂರಲ್ಲೇ ಹುಟ್ಟಿ, ಜರ್ಮನಿಯ ವಾಕೆನ್ ಮೆಟಲ್ ಉತ್ಸವದವರೆಗೂ ಹೋಗಿ ನುಡಿಸಿ ಬಂದವರು. ಆದರೆ ಎಡ್ಡಿಯ ಕೆಳಗೆ ಒಂದು ಪಟ್ಟಿ ಬೇಕಿತ್ತು, ಊರು ಮತ್ತು ತಾರೀಖು ಇರುವ ಪಟ್ಟಿ, ಕನ್ನಡದಲ್ಲಿ.

ಮಷೀನು ನೋಡಿಕೊಳ್ಳುವ ಹುಡುಗ ‘ಪ್ಯಾಲೇಸ್ ಗ್ರೌಂಡ್ಸ್’ ಅಂತ ಹೊಡೆದು ಸ್ಯಾಂಪಲ್ ತೋರಿಸಿದ. ಒತ್ತಕ್ಷರಗಳೆಲ್ಲ ನೂಲಿನ ಗಂಟಾಗಿ ಕೂತಿದ್ದವು. ಅಕ್ಷರ ಚಿಕ್ಕದಾದರೆ ಒತ್ತಿನ ಸಂದು ದಾರದಲ್ಲಿ ತುಂಬಿಹೋಗುತ್ತದೆ, ಸೂಜಿಗೆ ಅಲ್ಲಿ ತಿರುಗೋಕೆ ಜಾಗ ಇರಲ್ಲ. ಅವನು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ ಹೇಳಿದ, "ಅಕ್ಕಾ, ಅರಮನೆ ಮೈದಾನ ಅಂತ ಹಾಕೋಣ. ಒಂದೂ ಒತ್ತಿಲ್ಲ." ಹೌದಲ್ವಾ! ಪತ್ರಿಕೆಯಲ್ಲಿ ಅಷ್ಟು ಸಲ ಓದಿದ ಹೆಸರು, ನನಗೆ ಹೊಳೆದೇ ಇರಲಿಲ್ಲ. ಈಗ ನನ್ನ ಬೆನ್ನ ಮೇಲೆ ಕೆಂಪು ದಾರದಲ್ಲಿ ‘ಅರಮನೆ ಮೈದಾನ, ಬೆಂಗಳೂರು, 17-3-2007’ ಅಂತ ಇದೆ. ಎಷ್ಟು ಗುಂಡಗೆ ಬಂದಿವೆ ಅಕ್ಷರಗಳು!

ಅವನೇ ಇನ್ನೊಂದು ಮಾತು ಕೇಳಿದ. "ಸಿನಿಮಾ ರಿಲೀಸಿಗೆ ನಮ್ ಹುಡುಗ್ರು ಅಪ್ಪು ಫೋಟೋ ಶರ್ಟ್ ಹಾಕ್ಕೊಂಡು ಹೋಗ್ತಾರಲ್ಲ ಅಕ್ಕಾ, ಹಂಗೇನಾ ಇದು?" ಹಂಗೇ ಕಣೋ ಅಂದೆ. ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರುತ್ತಿರಲಿಲ್ಲ.

ಖರ್ಚು ಹೇಳುತ್ತೇನೆ. ತೋಳು ತೆಗೆದಿದ್ದಕ್ಕೆ 150, ಬೆನ್ನಿನ ಕೆಲಸಕ್ಕೆ 450, ಸಣ್ಣ ಪ್ಯಾಚ್ ಒಂದಕ್ಕೆ 40ರಂತೆ ಆರಕ್ಕೆ 240. ಭಾಯ್‌ಗೆ ಒಟ್ಟು 840. ಎಂಬ್ರಾಯ್ಡರಿ ಪಟ್ಟಿಗೆ ಬೇರೆ 300. ಕೈಕೆಲಸದ ಹೊತ್ತು ಲೆಕ್ಕ ಹಾಕಿದರೆ ಇದು ಕಮ್ಮಿ ಅಂತಲೇ ನನ್ನ ಅಭಿಪ್ರಾಯ. ಚೌಕಾಸಿ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಕೊರತೆ ಇಲ್ಲ ಅಂತಲ್ಲ. ನಾಲ್ಕು ದಿನ ಅಂದವರು ಹನ್ನೊಂದು ದಿನ ತೆಗೆದುಕೊಂಡರು. ಶಾಲೆ ಶುರುವಾಗುವ ಹೊತ್ತು, ಯೂನಿಫಾರ್ಮ್ ರಾಶಿ ಬಿದ್ದಿತ್ತು. ಮೂರು ಸಲ ಸುಮ್ನೆ ಹೋಗಿ ಬಂದೆ, ಫೋನ್ ಎತ್ತಲ್ಲ. ಎಡ ಎದೆಯ ಮೇಲಿನ ಒಂದು ಪ್ಯಾಚ್ ಸ್ವಲ್ಪ ವಾಲಿದೆ. ಹೇಳಿದ್ದರೆ ಬಿಚ್ಚಿ ಹೊಲಿಯುತ್ತಿದ್ದರು, ನಾನು ಗಮನಿಸಿದ್ದು ಮನೆಗೆ ಬಂದ ಮೇಲೆ. ಹಾಕಿ ನೋಡೋಕೆ ಒಳಗೆ ಜಾಗ ಇಲ್ಲ. ವೆಸ್ಟ್ ಆದ್ದರಿಂದ ಪರವಾಗಿಲ್ಲ. ಬೇರೆ ಬಟ್ಟೆ ಆಲ್ಟರ್ ಮಾಡಿಸುವ ಹೆಂಗಸರು ಅಳತೆಗೆ ಒಂದು ಜೊತೆ ಬಟ್ಟೆ ಒಯ್ಯೋದು ಒಳ್ಳೇದು.

ಹೋಗುವವರು ಪ್ಯಾಚ್‌ಗಳನ್ನು ಎಲ್ಲೆಲ್ಲಿ ಬೇಕೋ ಅಲ್ಲಿ ಪಿನ್ ಮಾಡಿಕೊಂಡೇ ಹೋಗಿ. ಒಂದು ದಿನ ಹಾಕಿಕೊಂಡು ಕನ್ನಡಿ ಮುಂದೆ ನಿಂತು, ಕೈ ಎತ್ತಿ ನೋಡಿ. ಕನ್ಸರ್ಟಿನಲ್ಲಿ ಅರ್ಧ ಹೊತ್ತು ಕೈ ಮೇಲೇ ಇರುತ್ತದೆ, ಕಂಕುಳ ಹತ್ತಿರದ ಪ್ಯಾಚ್ ಆಗ ಎಳೆಯುತ್ತದೆ. ಚೈನು, ಮುಳ್ಳಿನ ಬೆಲ್ಟ್ ಹಾಕಿಸೋಕೆ ದುಡ್ಡು ಹಾಕಬೇಡಿ. ನನ್ನ ಅನುಭವದಲ್ಲಿ ಗೇಟಿನಲ್ಲೇ ತೆಗೆಸುತ್ತಾರೆ, ವಾಪಸ್ ಸಿಗೋ ಗ್ಯಾರಂಟಿ ಇಲ್ಲ. ಹೊಲಿದ ಪ್ಯಾಚನ್ನು ಯಾರೂ ಕಿತ್ತುಕೊಳ್ಳಲ್ಲ.

ಕಳೆದ ತಿಂಗಳು ನಮ್ಮೂರಿನ ಬ್ಯಾಂಡುಗಳ ಒಂದು ಸಣ್ಣ ಗಿಗ್‌ಗೆ ಮೊದಲ ಸಲ ಹಾಕಿಕೊಂಡು ಹೋದೆ. ನೀರಿಗೆ ನಿಂತಿದ್ದಾಗ ಹಿಂದಿನಿಂದ ಯಾರೋ ನಿಧಾನವಾಗಿ ಓದಿದರು, "ಅರಮನೆ ಮೈದಾನ." ತಿರುಗಿದೆ. ತಲೆ ನರೆತವರು, 2011ರಲ್ಲಿ ಇಲ್ಲಿ ನುಡಿಸಿದ ಮೆಟಾಲಿಕಾ ಬ್ಯಾಂಡಿನ ಟೀ ಶರ್ಟ್ ಹಾಕಿದ್ದರು. ಅದು ನಡೆದದ್ದೂ ಅದೇ ಮೈದಾನದಲ್ಲಿ. "ನಾನು ಎಡಗಡೆ ಬ್ಯಾರಿಕೇಡ್ ಹತ್ರ ಇದ್ದೆ, ನೀವು?" ಅಂದರು. ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಬ್ಯಾಂಡ್ ಶುರುವಾಗುವವರೆಗೂ ಮೇಡನ್ ಬಂದ ಆ ರಾತ್ರಿಯದೇ ಮಾತು.

ಅಕ್ಕನ ಮಗಳು ಮೆಟಲ್ ಕೇಳಲ್ಲ. 2025ರ ಜನವರಿ 26ಕ್ಕೆ ಅಹಮದಾಬಾದಿಗೆ ಕೋಲ್ಡ್‌ಪ್ಲೇ ಬ್ಯಾಂಡ್ ನೋಡೋಕೆ ಹೋಗಿದ್ದಳು. ಬಿಳಿ ಶರ್ಟಿನ ಮೇಲೆ ತಾನೇ ಕೂತು ಏಳು ಬಣ್ಣ ಬಳಿದುಕೊಂಡಿದ್ದಳು. ಮೊದಲ ಒಗೆತಕ್ಕೇ ಬಣ್ಣ ಬಿಡೋಕೆ ಶುರುವಾಗಿದೆ. "ಚಿಕ್ಕಮ್ಮ, ನಿಮ್ ಭಾಯ್ ಇದನ್ನೂ ಉಳಿಸ್ತಾರಾ?" ಅಂತ ಕೇಳಿದಳು. ಹೋದ ವಾರ ಕರೆದುಕೊಂಡು ಹೋಗಿದ್ದೆ. ಭಾಯ್ ಅದನ್ನೂ ಒಳಗಿನ ಕಡೆ ಮೇಲೆ ಮಾಡಿ ಬೆಳಕಿಗೆ ಹಿಡಿದು, ಅದೇ ಪ್ರಶ್ನೆ ಕೇಳಿದರು. ಬುಧವಾರ ಕೊಡುತ್ತೇನೆ ಅಂದಿದ್ದಾರೆ. ನಾನು ಮುಂದಿನ ವಾರ ಹೋಗುತ್ತೇನೆ.