ಕೋಳಿಪಿಳ್ಳೆ ಕೆಳಗೆ ಏನು ಹಾಸೋದು? ಪೇಪರ್, ಮರದ ಪುಡಿ, ಕೋಕೋಪಿಟ್, ಭತ್ತದ ಹೊಟ್ಟು ನಾಲ್ಕೂ ಹಾಸಿ ನೋಡಿದ್ದೀನಿ

ನಮ್ದು ಮದ್ದೂರು ಕಡೆ ಹಳ್ಳಿ. ಹಿತ್ತಿಲಲ್ಲಿ ಚಿಕ್ಕ ಶೆಡ್ ಮಾಡ್ಕೊಂಡು ಗಿರಿರಾಜ, ಸ್ವರ್ಣಧಾರ ತಳಿ ಪಿಳ್ಳೆ ತಂದು ಸಾಕ್ತಾ ಇದ್ದೀನಿ, ಒಂದ್ಸಲಕ್ಕೆ ನೂರು, ಎಲ್ಲಾ ಒಂದು ದಿನದ ಪಿಳ್ಳೆಗಳು. ಇದು ಆರನೇ ಬ್ಯಾಚು. ಫೀಡ್ ಯಾವ್ದು ಹಾಕ್ತೀರಾ, ಲಸಿಕೆ ಯಾವಾಗ ಹಾಕಿಸ್ತೀರಾ ಅಂತ ಎಲ್ರೂ ಕೇಳ್ತಾರೆ, ಕೆಳಗೆ ಏನು ಹಾಸಿದ್ದೀರಾ ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ, ಆದ್ರೆ ನನ್ನ ಶೆಡ್ಡಲ್ಲಿ ಮೊದಲ ನಾಲ್ಕು ವಾರದಲ್ಲಿ ಸತ್ತ ಪಿಳ್ಳೆಗಳ ಲೆಕ್ಕ ಹಾಕಿದ್ರೆ ಅರ್ಧಕ್ಕಿಂತ ಜಾಸ್ತಿ ಹಾಸು ಕೆಟ್ಟಿದ್ದರಿಂದಾನೇ ಸತ್ತಿರೋದು. ಅದಕ್ಕೇ ಹೊಸದಾಗಿ ಶುರು ಮಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದ್ದೀನಿ.

ಮೊದಲನೇ ಬ್ಯಾಚಿಗೆ ಬರೀ ನ್ಯೂಸ್ ಪೇಪರ್ ಹಾಸಿದ್ದೆ. ಮನೇಲಿ ಹಳೇ ಪೇಪರ್ ಇತ್ತು, ಖರ್ಚಿಲ್ಲ, ಕೊಳೆ ಆದ್ರೆ ಸುತ್ತಿ ಬಿಸಾಕಿದ್ರೆ ಆಯ್ತು ಅಂದ್ಕೊಂಡೆ. ಸಿಮೆಂಟ್ ನೆಲದ ಮೇಲೆ ಪೇಪರ್ ಜಾರುತ್ತೆ ಅನ್ನೋದು ತಲೆಗೇ ಹೋಗ್ಲಿಲ್ಲ. ಮೂರನೇ ದಿನ ನೋಡ್ತೀನಿ, ನಾಲ್ಕೈದು ಪಿಳ್ಳೆ ಕಾಲು ಎರಡೂ ಪಕ್ಕಕ್ಕೆ ಚಾಚ್ಕೊಂಡು ಹೊಟ್ಟೆ ಮೇಲೆ ತೆವಳ್ತಾ ಇವೆ. ಎದ್ದು ನಿಲ್ಲೋಕೆ ಹೋಗ್ತವೆ, ಕಾಲಿಗೆ ಹಿಡಿತ ಸಿಗಲ್ಲ, ಮತ್ತೆ ಜಾರ್ತವೆ. ಎಳೇ ಕೀಲು, ಎರಡು ದಿನ ಹಂಗೇ ಜಾರಿದ್ರೆ ಕಾಲು ಸೊಟ್ಟ ಆಗಿ ಕೂತ್ಬಿಡುತ್ತೆ. ಎರಡಕ್ಕೆ ಕಾಲು ಜೋಡಿಸಿ ಮೆತ್ತಗೆ ಟೇಪ್ ಕಟ್ಟಿ ಉಳಿಸ್ಕೊಂಡೆ, ಮಿಕ್ಕಿದ್ವು ಉಳೀಲಿಲ್ಲ. ಅದೂ ಅಲ್ದೆ ಪೇಪರ್ ತೇವಾನ ಹೀರ್ಕೊಳ್ಳೋದು ಅಷ್ಟಕ್ಕಷ್ಟೇ, ನೂರು ಪಿಳ್ಳೆ ಹಿಕ್ಕೆಗೆ ಮಧ್ಯಾಹ್ನದ ಹೊತ್ತಿಗೇ ಪಚಪಚ ಅಂತಿರುತ್ತೆ. ಬರೀ ಪೇಪರ್ ಬೇಡ್ವೇ ಬೇಡ. ಆದ್ರೆ ಹೊಟ್ಟಿನ ಮೇಲೆ ಮೊದಲ ಮೂರು ದಿನ ಪೇಪರ್ ಹಾಸೋದು ಬೇರೆ ವಿಷಯ, ಅದನ್ನ ಕೆಳಗೆ ಹೇಳ್ತೀನಿ.

ಎರಡನೇ ಬ್ಯಾಚಿಗೆ ಸಾಮಿಲ್ಲಿಂದ ಮರದ ಪುಡಿ ತಂದೆ. ಯಾವ ಸಾಮಿಲ್ ಅಂತ ಹೇಳಲ್ಲ. ಅಲ್ಲಿ ಪುಡಿ ಹೊರಗಡೆ ಟಾರ್ಪಾಲ್ ಕೆಳಗೆ ಗುಡ್ಡೆ ಹಾಕಿದ್ರು, ಮೇಲೆ ಮುಟ್ಟಿ ನೋಡ್ದೆ ಒಣಗಿತ್ತು, ಚೀಲ ತುಂಬಿಸ್ಕೊಂಡು ಬಂದು ಹಂಗೇ ಹರವಿದೆ. ಒಂಥರಾ ಹಳೇ ಮನೆ ಅಟ್ಟದ ವಾಸನೆ ಇತ್ತು, ಅದನ್ನ ಆವಾಗ್ಲೇ ಗಮನಿಸ್ಬೇಕಿತ್ತು. ಒಂದು ವಾರ ಆಗೋ ಅಷ್ಟರಲ್ಲಿ ಪಿಳ್ಳೆಗಳು ಕತ್ತು ಚಾಚಿ ಬಾಯಿ ತೆಗೆದು ಉಸಿರು ಎಳ್ಕೊಳ್ಳೋಕೆ ಶುರು ಮಾಡಿದ್ವು, ಸದ್ದೇ ಇಲ್ಲ, ಸುಮ್ನೆ ಬಾಯಿ ಬಿಟ್ಟು ಬಿಟ್ಟು ಮುಚ್ತಾ ಇದ್ವು. ಸತ್ತಿದ್ದನ್ನ ತಗೊಂಡು ಪಶು ಆಸ್ಪತ್ರೆಗೆ ಹೋದೆ, ಡಾಕ್ಟ್ರು ಕುಯ್ದು ಶ್ವಾಸಕೋಶ ತೋರಿಸಿದ್ರು, ಸಾಸಿವೆ ಕಾಳಿನಷ್ಟು ಚಿಕ್ಕ ಚಿಕ್ಕ ಬಿಳಿ, ಹಳದಿ ಗಂಟು. ಬೂಷ್ಟು ಹಿಡಿದ ಹಾಸಿಂದ ಬರೋ ಆಸ್ಪರ್ಜಿಲೋಸಿಸ್ ಅಂದ್ರು, ಬಂದ್ಮೇಲೆ ಔಷಧಿಯಿಂದ ಹೆಚ್ಚು ಪ್ರಯೋಜನ ಇಲ್ಲ, ಹಾಸು ಪೂರ್ತಿ ತೆಗೆದು ಹೊಸದು ಹಾಕು ಅಂದ್ರು. ಹದಿನಾಲ್ಕು ಹೋದ್ವು. ಆ ರಾತ್ರಿ ನಾನೂ ನಮ್ಮಮ್ಮನೂ ಟಾರ್ಚ್ ಹಿಡ್ಕೊಂಡು ಅಷ್ಟೂ ಪುಡಿ ಬಾಚಿದ್ದು ಮರೆಯೋಕಾಗಲ್ಲ.

ಇಷ್ಟಾದ್ರೂ ಮರದ್ದು ಪೂರ್ತಿ ಕೆಟ್ಟದ್ದು ಅಂತ ಹೇಳಲ್ಲ. ಗರಗಸದಿಂದ ಉದುರೋ ಹಿಟ್ಟಿನಂಥ ಪುಡಿ ಬೇರೆ, ಬಡಗಿ ಹತ್ತರಿ ಹಿಡಿದಾಗ ಬೀಳೋ ಸುರುಳಿ ಸುರುಳಿ ಸಿಪ್ಪೆ ಬೇರೆ. ಪುಡಿ ಧೂಳಾಗಿ ಮೂಗಿಗೆ ಹೋಗುತ್ತೆ, ಪಿಳ್ಳೆಗಳು ಮೇವು ಅಂತ ತಿಳ್ಕೊಂಡು ತಿಂದೂಬಿಡ್ತವೆ. ಸುರುಳಿ ಸಿಪ್ಪೆ ಹಂಗಲ್ಲ, ಮೆತ್ತಗಿರುತ್ತೆ, ತೇವಾನ ಹೊಟ್ಟಿಗಿಂತ ಚೆನ್ನಾಗಿ ಹೀರುತ್ತೆ, ಕಾಲಿಗೆ ಹಿಡಿತಾನೂ ಸಿಗುತ್ತೆ. ಸಿಗೋದೇ ಕಷ್ಟ, ನಮ್ಮೂರ ಬಡಗಿ ಹತ್ರ ತಿಂಗಳಿಗೆ ಎರಡು ಚೀಲ ಆದ್ರೆ ಹೆಚ್ಚು. ಪ್ಲೈವುಡ್ ಅಂಗಡಿದು ಮಾತ್ರ ತರ್ಬೇಡಿ, ಅದ್ರಲ್ಲಿ ಅಂಟು, ಕೆಮಿಕಲ್ ಎಲ್ಲಾ ಸೇರಿರುತ್ತೆ.

ಮೂರನೇದು ಕೋಕೋಪಿಟ್, ಅಂದ್ರೆ ತೆಂಗಿನ ನಾರಿನ ಪುಡಿ, ಒತ್ತಿ ಇಟ್ಟಿಗೆ ಥರ ಮಾಡಿರ್ತಾರೆ. ಆನ್‌ಲೈನಲ್ಲಿ 5 ಕೆಜಿ ಇಟ್ಟಿಗೆ ತರಿಸ್ದೆ. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರುತ್ತೆ ಅನ್ನೋದು ನಿಜ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇಟ್ಟಿಗೆ ಬಿಡಿಸ್ಬೇಕು ಅಂದ್ರೆ ಮೊದ್ಲು ನೀರಲ್ಲಿ ನೆನೆಸ್ಬೇಕು, ಆಮೇಲೆ ಅದನ್ನ ಮತ್ತೆ ಒಣಗಿಸ್ಬೇಕು. ನಾನು ಮಾಡಿದ್ದು ಜುಲೈನಲ್ಲಿ. ಮೂರು ದಿನ ಮೋಡ, ಒಣಗಿದೆ ಅಂತ ನಾನೇ ತೀರ್ಮಾನ ಮಾಡಿ ಹಾಸಿಬಿಟ್ಟೆ. ನಾಲ್ಕನೇ ವಾರ ಹಿಕ್ಕೆಯಲ್ಲಿ ರಕ್ತ. ಕಾಕ್ಸಿಡಿಯೋಸಿಸ್, ಕರುಳಲ್ಲಿ ಸೇರ್ಕೊಳ್ಳೋ ಸೂಕ್ಷ್ಮಜೀವಿಯಿಂದ ಬರೋ ರೋಗ. ಆ ರೋಗದ ಮೊಟ್ಟೆಗಳು ಹಿಕ್ಕೆಯಲ್ಲಿ ಹೊರಗೆ ಬಂದು, ತೇವ ಮತ್ತೆ ಬಿಸಿ ಎರಡೂ ಸಿಕ್ಕಿದ್ರೆ ಹಾಸಿನಲ್ಲೇ ಬಲಿತು, ಅದನ್ನ ಕೆದಕಿ ತಿಂದ ಪಿಳ್ಳೆಗೆಲ್ಲಾ ಹತ್ತುತ್ತೆ, ನಾನು ಎರಡನ್ನೂ ಒದಗಿಸಿ ಕೊಟ್ಟಿದ್ದೆ. ಡಾಕ್ಟ್ರು ನೀರಲ್ಲಿ ಆಂಪ್ರೋಲಿಯಂ ಹಾಕೋಕೆ ಹೇಳಿದ್ರು, ಆರು ಹೋದ್ವು, ಮಿಕ್ಕಿದ್ವು ಚೇತರಿಸ್ಕೊಂಡ್ವು. ಮಾಲಿನ ತಪ್ಪು ಅಂತ ಹೇಳೋಕಾಗಲ್ಲ, ಫೆಬ್ರವರಿ ಬಿಸಿಲಲ್ಲಿ ಒಣಗಿಸಿದ್ರೆ ಗರಿಗರಿ ಆಗುತ್ತೆ. ಮಳೆಗಾಲದಲ್ಲಿ ಮಾತ್ರ ಇದರ ಸಹವಾಸ ಬೇಡ, ಮತ್ತೆ ನೂರು ಪಿಳ್ಳೆಗೆ ಪೂರ್ತಿ ಹಾಸೋಕೆ ಇಂಥ ಇಟ್ಟಿಗೆ ಮೂರಾದ್ರೂ ಬೇಕಾಗುತ್ತೆ, ದುಡ್ಡು ಗಿಟ್ಟಲ್ಲ. ನಾನು ಈಗ ಇದನ್ನ ಡ್ರಿಂಕರ್ (ಪಿಳ್ಳೆ ನೀರು ಕುಡಿಯೋ ಪಾತ್ರೆ) ಸುತ್ತ ಮಾತ್ರ ಹಾಕ್ತೀನಿ.

ಇನ್ನು ಭತ್ತದ ಹೊಟ್ಟು. ನಾಲ್ಕನೇ ಬ್ಯಾಚಿಂದ ಇದೇ, ಬದಲಾಯಿಸೋ ಯೋಚನೆ ಇಲ್ಲ. ಮಂಡ್ಯ ಸೀಮೇಲಿ ಹುಟ್ಟಿ ಮೊದ್ಲೇ ಇದನ್ನ ಯಾಕೆ ತರ್ಲಿಲ್ಲ ಅಂತ ಬೇಜಾರಾಗುತ್ತೆ, ರೈಸ್ ಮಿಲ್ ಇರೋದು ಮನೆಯಿಂದ ನಾಲ್ಕು ಕಿಲೋಮೀಟರ್. ಚೀಲಕ್ಕೆ 60 ರೂಪಾಯಿ ಕೊಟ್ಟೆ. ಪಿಳ್ಳೆಗೆ ಅರ್ಧ ಚದರಡಿ ಅಂದ್ರೂ ನೂರಕ್ಕೆ 50 ಚದರಡಿ, ಎರಡು ಇಂಚು ದಪ್ಪ ಹಾಸೋಕೆ ಮೂರು ಚೀಲ ಸಾಕಾಯ್ತು. ಹಗುರ, ಒಣಗಿರುತ್ತೆ, ಗಾಳಿ ಆಡುತ್ತೆ, ಬೂಷ್ಟು ಬೇಗ ಹಿಡಿಯಲ್ಲ. ಪಿಳ್ಳೆಗಳು ಕೆದಕ್ತಾ ಇದ್ರೆ ತಾನಾಗೇ ಮೇಲೆ ಕೆಳಗೆ ಆಗ್ತಾ ಇರುತ್ತೆ.

ತರೋವಾಗ ಒಂದು ನೋಡ್ಕೊಳ್ಳಿ. ಹಳೇ ಹಲ್ಲರ್ ಮಿಲ್ಲಲ್ಲಿ ಹೊಟ್ಟು ಪುಡಿಯಾಗಿ ತೌಡಿನ ಜೊತೆ ಸೇರ್ಕೊಂಡು ಬರುತ್ತೆ, ಅದು ಬೇಡ, ಇರುವೆ ಮುತ್ಕೊಳ್ಳುತ್ತೆ, ಇಲಿ ಬರುತ್ತೆ, ತೇವ ಆದ್ರೆ ಮುಗ್ಗುತ್ತೆ. ರಬ್ಬರ್ ರೋಲ್ ಇರೋ ಹೊಸ ಮಿಲ್ಲಿಂದು ಇಡೀ ಇಡೀ ಹೊಟ್ಟು, ಕೈಲಿ ಹಿಡಿದ್ರೆ ಸರಸರ ಅಂತ ಜಾರ್ಬೇಕು, ಅಂಗೈಗೆ ಬಿಳಿ ಹಿಟ್ಟು ಅಂಟಬಾರದು. ತಂದ ಮೇಲೂ ಒಂದು ದಿನ ಬಿಸಿಲಿಗೆ ಹಾಕಿ.

ಕೊರತೆ ಏನಂದ್ರೆ ಹೊಟ್ಟು ನೀರು ಹೀರೋದು ಕಡಿಮೆ. ಡ್ರಿಂಕರ್ ಕೆಳಗೆ ಒದ್ದೆ ಆಗಿ ಹೆಪ್ಪು ಕಟ್ಟುತ್ತೆ. ಅದಕ್ಕೆ ಸುರುಳಿ ಸಿಪ್ಪೆ ಸಿಕ್ಕಿದಾಗ ಎರಡು ಪಾಲು ಹೊಟ್ಟಿಗೆ ಒಂದು ಪಾಲು ಸೇರಿಸ್ತೀನಿ, ಡ್ರಿಂಕರನ್ನ ಇಟ್ಟಿಗೆ ಮೇಲೆ ಪಿಳ್ಳೆ ಬೆನ್ನಿನ ಮಟ್ಟಕ್ಕೆ ಇಡ್ತೀನಿ, ಪಿಳ್ಳೆ ಬೆಳೆದ ಹಾಗೆ ಎತ್ತರಿಸ್ತೀನಿ. ಮೊದಲ ಮೂರು ದಿನ ಹೊಟ್ಟಿನ ಮೇಲೆ ಪೇಪರ್, ಅದನ್ನ ಮುದುರಿ ಬಿಡಿಸಿ ಹಾಸಿದ್ರೆ ಜಾರಲ್ಲ. ಹೊಟ್ಟು ಯಾವ್ದು ಮೇವು ಯಾವ್ದು ಅಂತ ಪಿಳ್ಳೆಗೆ ಆಗಿನ್ನೂ ಗೊತ್ತಿರಲ್ವಲ್ಲ, ಪೇಪರ್ ಮೇಲೆ ಮೆಕ್ಕೆಜೋಳದ ನುಚ್ಚು ಉದುರಿಸಿದ್ರೆ ಟಕಟಕ ಅಂತ ಸದ್ದಿಗೇ ಓಡಿ ಬಂದು ತಿನ್ನೋದು ಕಲೀತವೆ. ದಿನಾ ಪೇಪರ್ ಬದಲಿಸಿ, ನಾಲ್ಕನೇ ದಿನ ತೆಗೀರಿ.

ಯಾವ ಹಾಸು ಹಾಕಿದ್ರೂ ದಿನಾ ಮಾಡೋ ಎರಡು ಕೆಲಸ ಇದೆ. ಬೆಳಿಗ್ಗೆ ಒಂದು ಹಿಡಿ ಹಾಸು ತಗೊಂಡು ಮುಷ್ಟಿ ಬಿಗಿ ಹಿಡಿದು ಬಿಡ್ತೀನಿ. ಉಂಡೆ ಹಂಗೇ ನಿಂತ್ರೆ ತೇವ ಜಾಸ್ತಿ, ಕೈಗೆ ಒಂಚೂರೂ ಅಂಟದೆ ಧೂಳು ಎದ್ರೆ ಜಾಸ್ತಿ ಒಣಗಿದೆ, ಸ್ವಲ್ಪ ಸೇರಿ ಆಮೇಲೆ ಬಿರಿದು ಉದುರಿದ್ರೆ ಹದ ಸರಿಯಾಗಿದೆ. ಇನ್ನೊಂದು ವಾಸನೆ. ನಿಂತ್ಕೊಂಡು ಮೂಸಿದ್ರೆ ಏನೂ ಗೊತ್ತಾಗಲ್ಲ, ಮಂಡಿ ಊರಿ ಮೂಗನ್ನ ಪಿಳ್ಳೆ ತಲೆ ಎತ್ತರಕ್ಕೆ ತಂದು ಒಂದು ನಿಮಿಷ ಇರಿ. ಕಣ್ಣು ಉರಿದ್ರೆ ಅಮೋನಿಯಾ ತುಂಬಿದೆ, ಆ ಪುಟ್ಟ ಜೀವ ಅದನ್ನೇ ರಾತ್ರಿ ಪೂರ್ತಿ ಉಸಿರಾಡಿರುತ್ತೆ. ಆವಾಗ ಹೆಪ್ಪು ಕಟ್ಟಿದ್ದನ್ನ ತೆಗೆದು, ಒಣ ಹೊಟ್ಟು ಸೇರಿಸಿ, ಪರದೆ ಮೇಲೆತ್ತಿ ಗಾಳಿ ಆಡೋ ಹಾಗೆ ಮಾಡಿ. ಚಳಿ ಅಂತ ನಾಲ್ಕೂ ಕಡೆ ಮುಚ್ಚಿಬಿಡೋ ಅಭ್ಯಾಸ ನಮ್ಮ ಕಡೆ ತುಂಬಾ ಇದೆ, ದಯವಿಟ್ಟು ಹಂಗೆ ಮಾಡ್ಬೇಡಿ, ಬಿಸಿ ಕೊಡೋಕೆ ಬಲ್ಬ್ ಇದೆ. ಬಲ್ಬ್ ಮಾತ್ರ ಚೈನಲ್ಲಿ ಗಟ್ಟಿ ಕಟ್ಟಿರಿ, ಹೊಟ್ಟಿನ ಮೇಲೆ ಬಿದ್ರೆ ಬೆಂಕಿ ಹತ್ಕೊಳ್ಳುತ್ತೆ.

ಈ ಆರನೇ ಬ್ಯಾಚಿಗೆ ಇವತ್ತು 26ನೇ ದಿನ, ನೂರರಲ್ಲಿ 97 ಇವೆ. ಹಾಸು ಇನ್ನೂ ಅದೇ ಮೂರು ಚೀಲ, ಮೇಲಿಂದ ಒಂದು ಚೀಲ ಸೇರಿಸಿದ್ದೀನಿ ಅಷ್ಟೆ. ಈಗ ಬರೆಯೋ ಹೊತ್ತಿಗೆ ನಾಲ್ಕೈದು ಹೊಟ್ಟಲ್ಲಿ ಗುಳಿ ತೋಡ್ಕೊಂಡು ಒಂದು ರೆಕ್ಕೆ ಚಾಚಿ ಮಲಗಿವೆ.