ಕೆಲಸದ ನಡುವಿನ ಅಹಮದಾಬಾದ್: ಬಾಡಿಗೆ ಆಟೋ, ಮಾರ್ಗದರ್ಶಿಯ ನಡಿಗೆ, ಒಬ್ಬನೇ ಸುತ್ತಿದ ಸಂಜೆ

ರಾಣೆಬೆನ್ನೂರಿನ ನಮ್ಮ ಹತ್ತಿ ಜಿನ್ನಿಂಗ್ ಕಾರ್ಖಾನೆಗೆ ಹೊಸ ಯಂತ್ರಗಳನ್ನು ಕೊಳ್ಳುವ ಮುನ್ನ ಅವು ಓಡುವುದನ್ನು ಕಣ್ಣಾರೆ ನೋಡಿ ಬರಬೇಕೆಂದು ಫೆಬ್ರುವರಿ ತಿಂಗಳಲ್ಲಿ ನನ್ನನ್ನು ಅಹಮದಾಬಾದಿಗೆ ಕಳುಹಿಸಿದ್ದರು. ಸೋಮವಾರದಿಂದ ಶನಿವಾರದವರೆಗೆ ಆರು ದಿನಗಳ ಕೆಲಸ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರಾಚೆಯ ಕಾರ್ಖಾನೆಯಲ್ಲಿ ಇರಬೇಕಿತ್ತು; ತಂಗಿದ್ದು ಸಾಬರಮತಿ ನದಿಯ ಪಶ್ಚಿಮ ದಡದ ಆಶ್ರಮ ರಸ್ತೆಯ ಒಂದು ವಸತಿಗೃಹದಲ್ಲಿ. ಗುಜರಾತಿಗೆ ನಾನು ಹೋದದ್ದು ಅದೇ ಮೊದಲು. ಪ್ರವಾಸಕ್ಕೆಂದು ಹೋದವರಿಗೆ ಇಡೀ ದಿನ ಕೈಯಲ್ಲಿರುತ್ತದೆ, ಕೆಲಸಕ್ಕೆ ಹೋದವರಿಗೆ ಸಿಗುವುದು ದಿನದ ಎರಡು ಅಂಚುಗಳು ಮಾತ್ರ. ಆ ಅಂಚುಗಳಲ್ಲಿ ನಾನು ಮೂರು ಬಗೆಯಲ್ಲಿ ಊರು ನೋಡಿದೆ: ಒಬ್ಬನೇ ನಡೆದು, ಅರ್ಧ ದಿನಕ್ಕೆ ಆಟೋ ಗೊತ್ತುಮಾಡಿಕೊಂಡು, ಮತ್ತು ಮಹಾನಗರಪಾಲಿಕೆಯು ಬೆಳಗಿನ ಹೊತ್ತು ಮಾರ್ಗದರ್ಶಿಯ ಜೊತೆ ಏರ್ಪಡಿಸುವ ಪಾರಂಪರಿಕ ನಡಿಗೆಯಲ್ಲಿ ಸೇರಿಕೊಂಡು. ಇದೇ ಬಗೆಯ ಕೆಲಸದ ಮೇಲೆ ಅಲ್ಲಿಗೆ ಹೋಗುವವರಿಗೆ ಉಪಯೋಗವಾಗಲೆಂದು ಈ ಮೂರನ್ನೂ ಹೋಲಿಸಿ ಬರೆಯುತ್ತಿದ್ದೇನೆ.

ಸೋಮವಾರ ಮತ್ತು ಮಂಗಳವಾರದ ಸಂಜೆಗಳಲ್ಲಿ ಒಬ್ಬನೇ ಹೊರಟೆ. ನೆಹರೂ ಸೇತುವೆಯನ್ನು ದಾಟಿದರೆ ಹಳೆಯ ನಗರದ ಬಾಗಿಲಿನಲ್ಲಿಯೇ ಸಿದಿ ಸಯ್ಯದ್ ಮಸೀದಿ ಎದುರಾಗುತ್ತದೆ. ಸುಲ್ತಾನರ ಆಳ್ವಿಕೆ ಮುಗಿಯುತ್ತ ಬಂದಿದ್ದ 1573ರ ಸುಮಾರಿಗೆ ಕಟ್ಟಿದ ಈ ಮಸೀದಿ ಗಾತ್ರದಲ್ಲಿ ಚಿಕ್ಕದು. ಆದರೆ ಅದರ ಪಶ್ಚಿಮದ ಗೋಡೆಯ ಕಮಾನುಗಳಲ್ಲಿ ಕೂರಿಸಿರುವ ಕಲ್ಲಿನ ಜಾಲಂಧ್ರಗಳ ಮುಂದೆ ನಾನು ಕತ್ತಲಾಗುವವರೆಗೂ ನಿಂತುಬಿಟ್ಟೆ. ಒಂದರಲ್ಲಿ ಮರವೊಂದು ಬುಡದಿಂದ ಎದ್ದು, ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಕಮಾನಿನ ತುಂಬ ಹರಡಿದೆ. ಕಲ್ಲು ಎಲ್ಲಿ ಮುಗಿದು ಬಯಲು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಲಾಂಛನ ಹುಟ್ಟಿದ್ದು ಇದೇ ಜಾಲಂಧ್ರದಿಂದ. ಕಟ್ಟಿಸಿದ ಸಿದಿ ಸಯ್ಯದ್ ಅಬಿಸೀನಿಯ ಮೂಲದವನು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಜನರ ಪೂರ್ವಿಕರಂತೆಯೇ ಸಮುದ್ರ ದಾಟಿ ಬಂದವರ ಕುಲದ ಒಬ್ಬನ ಹೆಸರು ಇಷ್ಟು ದೊಡ್ಡ ನಗರದ ಗುರುತಾಗಿ ಉಳಿದಿದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಮುಳುಗುವ ಸೂರ್ಯನ ಬೆಳಕು ನೇರವಾಗಿ ಆ ಗೋಡೆಯ ಮೇಲೆ ಬೀಳುವುದರಿಂದ, ಕೆಲಸ ಮುಗಿಸಿ ಹೋಗುವವನಿಗೆ ಸಿಗುವ ಹೊತ್ತೇ ಹೊರಗಿನಿಂದ ಈ ಕೆತ್ತನೆಯನ್ನು ನೋಡಲು ತಕ್ಕ ಹೊತ್ತು.

ಅಲ್ಲಿಂದ ಭದ್ರ ಕೋಟೆಯ ಮುಂದೆ ಹಾದು, ಮೂರು ಕಮಾನುಗಳ ತೀನ್ ದರ್ವಾಜಾದ ಅಡಿಯ ಸಂತೆಯ ನೂಕುನುಗ್ಗಲಲ್ಲಿ ನಡೆದು ಮಾಣೆಕ್ ಚೌಕ್ ಸೇರಬಹುದು. ಹಗಲೆಲ್ಲ ಚಿನ್ನಬೆಳ್ಳಿಯ ವ್ಯಾಪಾರ ನಡೆಯುವ ಆ ಚೌಕದಲ್ಲಿ ರಾತ್ರಿ ಅಂಗಡಿಗಳ ಬಾಗಿಲು ಹಾಕಿದ ಮೇಲೆ ತಿಂಡಿಯ ಗಾಡಿಗಳು ಬಂದು ನಿಲ್ಲುತ್ತವೆ. ಅಲ್ಲಿ ಗ್ವಾಲಿಯರ್ ದೋಸೆ ಎಂಬ ಹೆಸರಿನಲ್ಲಿ, ಬೆಣ್ಣೆಯನ್ನು ಧಾರಾಳವಾಗಿ ಹಾಕಿ ಕೊಡುವ ದೋಸೆಯನ್ನು ತಿಂದೆ. ದಾವಣಗೆರೆ ಪಕ್ಕದಲ್ಲಿರುವ ನಮ್ಮ ನಾಲಿಗೆಗೆ ಅದನ್ನು ದೋಸೆ ಎಂದು ಒಪ್ಪುವುದು ಕಷ್ಟವಾದರೂ, ಬೇರೆಯೇ ತಿಂಡಿಯೆಂದುಕೊಂಡರೆ ರುಚಿಯಾಗಿದೆ.

ಆದರೆ ಒಬ್ಬನೇ ಸುತ್ತುವುದರ ಕೊರತೆಯೂ ಆ ಎರಡು ಸಂಜೆಗಳಲ್ಲಿಯೇ ತಿಳಿಯಿತು. ಚೌಕದ ಆಸುಪಾಸಿನ ಓಣಿಗಳಲ್ಲಿ ಅಲ್ಲಲ್ಲಿ ಮರದ ದೊಡ್ಡ ಹೆಬ್ಬಾಗಿಲುಗಳು ಕಂಡವು. ಅವುಗಳ ಒಳಗೆ ಯಾರದೋ ಮನೆಯ ಅಂಗಳ ಇರಬೇಕೆಂದು ತಿಳಿದು, ಪರವೂರಿನವನು ನುಗ್ಗುವುದು ಸರಿಯಲ್ಲವೆಂದು ಹಿಂದಿರುಗಿದೆ. ಈ ನಗರದ ತಿರುಳಿನ ಮುಂದೆ ಎರಡು ಸಲ ನಿಂತು ಎರಡು ಸಲವೂ ಒಳಹೋಗದೆ ಬಂದಿದ್ದೆ ಎಂಬುದು ಗುರುವಾರದವರೆಗೂ ನನಗೆ ತಿಳಿಯಲಿಲ್ಲ.

ಬುಧವಾರ ಯಂತ್ರದ ಒಂದು ಭಾಗ ಬರುವುದು ತಡವಾಗಿ ಮಧ್ಯಾಹ್ನದವರೆಗೆ ಬಿಡುವು ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ ಆಟೋ ಗೊತ್ತುಮಾಡಿಕೊಂಡು ಹಠೀಸಿಂಗ್ ಜೈನ ದೇವಾಲಯ, ಸಾಬರಮತಿ ಆಶ್ರಮ ಮತ್ತು ಅಡಾಲಜದ ಮೆಟ್ಟಿಲುಬಾವಿ, ಈ ಮೂರನ್ನು ನೋಡಲು ಹೊರಟೆ. ಹಠೀಸಿಂಗ್ ದೇವಾಲಯ 1848ರದು, ಅಮೃತಶಿಲೆಯ ಸೂಕ್ಷ್ಮ ಕೆಲಸ. ಅಲ್ಲಿ ಕಳೆದದ್ದು ಕಾಲು ಗಂಟೆ ಮಾತ್ರ. ಅಡಾಲಜ ನಗರದಿಂದ ಉತ್ತರಕ್ಕೆ ಸುಮಾರು 18 ಕಿ.ಮೀ. ದೂರದಲ್ಲಿದ್ದು, ಒಬ್ಬಂಟಿ ನಡಿಗೆಯಲ್ಲಾಗಲಿ ಬೆಳಗಿನ ಗುಂಪಿನಲ್ಲಾಗಲಿ ಅದನ್ನು ನೋಡುವಂತಿಲ್ಲ. ಆಟೋದ ನಿಜವಾದ ಉಪಯೋಗ ಅಲ್ಲಿಯೇ. ರಾಣಿ ರೂಡಾಬಾಯಿಯ ಹೆಸರಿನಲ್ಲಿರುವ, ಹದಿನೈದನೆಯ ಶತಮಾನದ ಕೊನೆಯಲ್ಲಿ ಪೂರ್ಣಗೊಂಡ ಈ ಬಾವಿ ನೆಲದ ಕೆಳಗೆ ಐದು ಅಂತಸ್ತು ಇಳಿಯುತ್ತದೆ. ಮೂರು ದಿಕ್ಕಿನಿಂದ ಬರುವ ಮೆಟ್ಟಿಲುಗಳು ಮೊದಲ ಹಂತದಲ್ಲಿ ಕೂಡಿಕೊಳ್ಳುತ್ತವೆ. ಗದಗ ಜಿಲ್ಲೆಯ ಲಕ್ಕುಂಡಿಯ ಮುಸುಕಿನ ಬಾವಿಯನ್ನು ಚಿಕ್ಕಂದಿನಿಂದ ನೋಡಿದ ನನಗೆ ನೀರಿನ ಸುತ್ತ ಗುಡಿಯಂತೆ ಕಟ್ಟುವ ಬಗೆ ಹೊಸದಲ್ಲ. ಆದರೆ ಲಕ್ಕುಂಡಿಯಲ್ಲಿ ಆಕಾಶ ತಲೆಯ ಮೇಲೆಯೇ ಇರುತ್ತದೆ. ಇಲ್ಲಿ ಒಂದೊಂದು ಅಂತಸ್ತು ಇಳಿದಂತೆ ಬೆಳಕು ಕುಗ್ಗಿ, ಮೈಗೆ ತಂಪು ತಾಗಿ, ಮೇಲಿನ ರಸ್ತೆಯ ಸದ್ದು ಅಡಗಿಹೋಗುತ್ತದೆ.

ಇಷ್ಟನ್ನು ಕೊಟ್ಟ ಆಟೋ ನನ್ನಿಂದ ಕಸಿದುಕೊಂಡದ್ದು ಆಶ್ರಮವನ್ನು. ಗಾಂಧೀಜಿಯವರು 1917ರಲ್ಲಿ ನದಿಯ ದಡಕ್ಕೆ ತಂದು ನೆಲೆಗೊಳಿಸಿದ ಆ ಆಶ್ರಮದಿಂದಲೇ 1930ರ ಮಾರ್ಚ್ 12ರಂದು 78 ಸಂಗಡಿಗರೊಡನೆ ದಂಡಿಗೆ ಹೊರಟದ್ದು. ಆ ಸಂಗಡಿಗರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ ಕೂಡ ಒಬ್ಬರು. ಆಗ ಅವರಿಗೆ 18 ವರ್ಷ. ಹದಿಮೂರು ವರ್ಷಗಳ ಬಳಿಕ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಅವರು ಪ್ರಾಣಕೊಟ್ಟ ಕಥೆಯನ್ನು ನಮ್ಮ ಕಡೆಯ ಮಕ್ಕಳೆಲ್ಲ ಕೇಳಿಯೇ ಬೆಳೆಯುತ್ತಾರೆ. ಆಶ್ರಮದಲ್ಲಿ ಗಾಂಧೀಜಿಯವರು ವಾಸವಿದ್ದ ಮನೆಯಾದ ಹೃದಯಕುಂಜದ ಜಗುಲಿಯ ಮೇಲೆ ಕುಳಿತು, ನಮ್ಮ ಜಿಲ್ಲೆಯ ಆ ಹುಡುಗ ಇದೇ ಅಂಗಳದಿಂದ ಹೆಜ್ಜೆ ಹಾಕಿದ್ದನಲ್ಲ ಎಂದು ನೆನೆಯುತ್ತಿದ್ದ ಹೊತ್ತಿಗೆ ಚಾಲಕರು ಒಳಗೇ ಬಂದು, ‘ಅಡಾಲಜ ನೋಡಬೇಕಾದರೆ ಈಗಲೇ ಏಳಿ ಸಾಹೇಬರೇ’ ಎಂದು ಹಿಂದಿಯಲ್ಲಿ ಎಚ್ಚರಿಸಿದರು. ಅವರ ಮಾತು ತಪ್ಪಲ್ಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಗೊತ್ತುಮಾಡಿದವನು ನಾನೇ. ಚಾರ್ಲ್ಸ್ ಕೊರಿಯಾ ಅವರು ವಿನ್ಯಾಸಗೊಳಿಸಿದ, ಅಬ್ಬರವೇ ಇಲ್ಲದ ಹೆಂಚಿನ ಮಾಡಿನ ಸಂಗ್ರಹಾಲಯವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಹಿಂದಿರುಗುವ ದಾರಿಯಲ್ಲಿ ಮಾತ್ರ ನಾನು ಕೇಳದಿದ್ದರೂ ಒಂದು ಬಟ್ಟೆ ಅಂಗಡಿಯ ಮುಂದೆ ಗಾಡಿ ನಿಂತಿತು. ಅಲ್ಲಿ ಕಾಲು ಗಂಟೆ ಹೋಯಿತು. ಆಶ್ರಮವನ್ನು ಆಟೋದ ಪಟ್ಟಿಯಲ್ಲಿ ಸೇರಿಸಲೇಬಾರದೆಂದು ಈಗ ಖಂಡಿತವಾಗಿ ಹೇಳುತ್ತೇನೆ. ಅದಕ್ಕೆಂದೇ ಒಂದು ಹೊತ್ತನ್ನು ಎತ್ತಿಡಬೇಕು.

ಗುರುವಾರ ಮಧ್ಯಾಹ್ನ ಬರುತ್ತೇನೆಂದು ಕಾರ್ಖಾನೆಯವರ ಒಪ್ಪಿಗೆ ಪಡೆದು ಬೆಳಗಿನ ನಡಿಗೆಗೆ ಸೇರಿದೆ. 1997ರಲ್ಲಿ ಪ್ರಾರಂಭವಾದ ಈ ನಡಿಗೆ ಕಾಳೂಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಎಂಟಕ್ಕೆ ಹೊರಟು ಜಾಮಾ ಮಸೀದಿಯಲ್ಲಿ ಹತ್ತೂವರೆಯ ಹೊತ್ತಿಗೆ ಮುಗಿಯುತ್ತದೆ. 1822ರ ಆ ಮಂದಿರದ ಬರ್ಮಾ ತೇಗದ ಬಣ್ಣಬಣ್ಣದ ಕೆತ್ತನೆಯನ್ನು ತೋರಿಸಿ ಹೊರಗೆ ಕರೆತಂದ ಮಾರ್ಗದರ್ಶಿ, ಮೊದಲು ಮಾಡಿದ ಕೆಲಸವೆಂದರೆ ನಾನು ಎರಡು ಸಂಜೆ ಹಿಂಜರಿದು ಬಿಟ್ಟಿದ್ದ ಅಂಥದೇ ಒಂದು ಹೆಬ್ಬಾಗಿಲಿನೊಳಗೆ ನಮ್ಮನ್ನು ನಡೆಸಿದ್ದು. ಅದು ಯಾರ ಮನೆಯೂ ಅಲ್ಲ, ಒಂದು ಪೋಳ್. ಒಂದೇ ಬಾಗಿಲಿನ ಕಾವಲಿನಲ್ಲಿ ಹತ್ತಾರು ಮನೆಗಳು ಒಟ್ಟಾಗಿ ಬದುಕುವ ಕೇರಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಒಳಗೆ ಓಣಿಯ ನಡುವೆ ಕಂಬದ ಮೇಲೆ ನಿಂತ ಚಬೂತರೊ. ಮರ ಕಡಿದು ಊರು ಕಟ್ಟಿದ ಮೇಲೆ ಹಕ್ಕಿಗಳಿಗೂ ಒಂದು ತಾವಿರಲೆಂದು ಕಾಳು ಹಾಕಲು ಮಾಡಿದ ಗೂಡು. ಮಳೆನೀರನ್ನು ವರ್ಷವಿಡೀ ಹಿಡಿದಿಡುವ ನೆಲದಡಿಯ ತೊಟ್ಟಿಗಳು, ಮನೆಯ ಮುಂದಿನ ಓಟಲೊ ಎಂಬ ಜಗುಲಿ, ಹೊರಗಿನವರಿಗೆ ಕುರುಡು ಓಣಿಯಂತೆ ಕಂಡರೂ ಕೊನೆಯ ಮೂಲೆಯಿಂದ ಪಕ್ಕದ ಪೋಳಿಗೆ ದಾಟಿಸುವ ಕಳ್ಳದಾರಿ, ಇವೆಲ್ಲ ಒಂದರ ಹಿಂದೆ ಒಂದು ಬಂದವು. ಗುಜರಾತಿ ಕವಿ ದಲಪತರಾಮರ ಮನೆಯಿದ್ದ ಜಾಗದಲ್ಲಿ ಅವರು ಕುಳಿತಿರುವ ಕಂಚಿನ ಪ್ರತಿಮೆಯಿದೆ. ಅದೂ ಎತ್ತರದ ಪೀಠದ ಮೇಲಲ್ಲ, ನೆರೆಮನೆಯ ಹಿರಿಯರಂತೆ ಜಗುಲಿಯ ಮಟ್ಟದಲ್ಲಿಯೇ. 1424ರ ಜಾಮಾ ಮಸೀದಿಯ 260 ಕಂಬಗಳ ನಡುವೆ ನಿಂತಾಗ, ಒಂದೇ ಬೆಳಗಿನಲ್ಲಿ ಎಷ್ಟು ಶತಮಾನಗಳನ್ನು ದಾಟಿ ಬಂದೆನಲ್ಲ ಎಂದು ಮನಸ್ಸು ತುಂಬಿತು. 2017ರಲ್ಲಿ ಯುನೆಸ್ಕೊ ಈ ನಗರವನ್ನು ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂದು ಸಾರಲು ಬಿಡಿ ಕಟ್ಟಡಗಳಷ್ಟೇ ಈ ಪೋಳ್‌ಗಳ ಬಾಳ್ವೆಯೂ ಕಾರಣವೆಂಬುದು ನಡೆದವನಿಗೆ ತಾನಾಗಿ ಮನವರಿಕೆಯಾಗುತ್ತದೆ.

ನಡಿಗೆಗೂ ತೊಡಕುಗಳಿವೆ. ಗುಂಪಿನಲ್ಲಿ ಹದಿನೈದು ಮಂದಿಯಿದ್ದೆವು. ಓಣಿ ಕಿರಿದಾಗಿರುವ ಕಡೆ ಹಿಂದಿನವರಿಗೆ ಮಾತು ಕೇಳುತ್ತಿರಲಿಲ್ಲ. ಒಂದು ಕೆತ್ತನೆಯ ಮುಂದೆ ಇನ್ನೂ ನಿಲ್ಲಬೇಕೆಂದರೆ ಗುಂಪು ಮುಂದೆ ಹೋಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಹೊತ್ತಿನದು: ಹತ್ತಕ್ಕೆ ಕೆಲಸಕ್ಕೆ ಹಾಜರಾಗಬೇಕಾದವರು ಅರ್ಧ ದಿನದ ಅನುಮತಿ ಇಲ್ಲದೆ ಇದನ್ನು ಪೂರ್ತಿ ಮಾಡಲಾರರು. ಖರ್ಚು ಮಾತ್ರ ಅಲ್ಪ. ನಾನು ಆಟೋಗೆ ಕೊಟ್ಟ ಬಾಡಿಗೆಯ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ.

ಶುಕ್ರವಾರ ಸಂಜೆ ಮತ್ತೆ ಒಬ್ಬನೇ ಹೋದೆ. ಈ ಸಲ ಮೆಟ್ರೊದಲ್ಲಿ ಘೀಕಾಂಟಾ ನಿಲ್ದಾಣದವರೆಗೆ ಹೋದೆ, ಅಲ್ಲಿ ಮೇಲೆ ಬಂದರೆ ಹಳೆಯ ನಗರದೊಳಗೇ ಇರುತ್ತೇವೆ. ಸೋಮವಾರ ನಡೆದ ಆಸುಪಾಸೇ, ಆದರೆ ಈಗ ಹೆಬ್ಬಾಗಿಲನ್ನು ನೋಡಿ ಹಿಂದೆ ಸರಿಯಲಿಲ್ಲ. ಒಂದು ಪೋಳಿನೊಳಗೆ ಚಬೂತರೊ ಪಕ್ಕದ ಜಗುಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರಿಗೆ ಕೈಮುಗಿದೆ. ಅವರು ಸ್ವಲ್ಪ ಸರಿದು, ಕುಳಿತುಕೋ ಎಂದು ಕೈಸನ್ನೆ ಮಾಡಿದರು. ನನ್ನ ಹರಕು ಹಿಂದಿಗೂ ಅವರ ಗುಜರಾತಿಗೂ ಹೆಚ್ಚು ಸಂಧಿ ಕೂಡಲಿಲ್ಲವಾದರೂ, ನೀರು ಕೊಟ್ಟು ಊರು ಯಾವುದೆಂದು ಕೇಳಿದರು. ಹದಿನೈದು ಮಂದಿಯ ಜೊತೆ ಅದೇ ಓಣಿಗೆ ಬಂದಿದ್ದರೆ ಆ ಅಜ್ಜಿ ಸರಿದು ಜಾಗ ಮಾಡಿಕೊಡುತ್ತಿರಲಿಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಒಂದೇ ಬೆಳಗು ಸಿಗುವವರು ಬೇರೇನನ್ನೂ ಯೋಚಿಸದೆ ಮಾರ್ಗದರ್ಶಿಯ ನಡಿಗೆಗೆ ಹೋಗಲಿ. ಸಂಜೆಗಳಷ್ಟೇ ಸಿಗುವವರು ಒಬ್ಬರೇ ನಡೆಯಲಿ, ಆದರೆ ಪೋಳ್ ಎಂದರೇನೆಂದು ಮೊದಲೇ ತಿಳಿದುಕೊಂಡು ಹೋಗಲಿ. ಎರಡೂ ಸಾಧ್ಯವಿದ್ದರೆ ನಡಿಗೆ ಮೊದಲು, ಒಬ್ಬಂಟಿ ಸುತ್ತಾಟ ಆಮೇಲೆ. ನಾನು ಮಾಡಿದಂತೆ ತಿರುಗುಮುರುಗಾದರೆ ಎರಡು ಸಂಜೆಗಳು ಬಾಗಿಲ ಹೊರಗೇ ಕಳೆಯುತ್ತವೆ. ಆಟೋವನ್ನು ಅಡಾಲಜಕ್ಕೆ ಮಾತ್ರ ಹಿಡಿಯಬೇಕು, ದಾರಿಯಲ್ಲಿ ಅಂಗಡಿಗಳ ಮುಂದೆ ನಿಲ್ಲಿಸಬಾರದೆಂದು ಹತ್ತುವ ಮುನ್ನವೇ ಮಾತಾಡಿಕೊಳ್ಳಬೇಕು. ಬಟ್ಟೆಯ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು 1949ರಲ್ಲಿ ಸ್ಥಾಪನೆಯಾದ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯಕ್ಕೆ ರೈಲಿನ ಟಿಕೆಟ್ ಮಾಡಿಸುವಾಗಲೇ ಜಾಗ ಕಾದಿರಿಸಬೇಕು, ಅಲ್ಲಿ ದಿನಕ್ಕೆ ಕೆಲವೇ ಮಂದಿಗೆ ಪ್ರವೇಶ. ಯಂತ್ರಗಳನ್ನು ಲಾರಿಗೆ ಏರಿಸುವ ಹೊತ್ತಿಗೆ ನಾನು ಮತ್ತೊಮ್ಮೆ ಅಲ್ಲಿಗೆ ಹೋಗಬೇಕಾಗಿದೆ. ಆಗ ಒಂದು ಬೆಳಗು ಆ ಸಂಗ್ರಹಾಲಯಕ್ಕೆ, ಇನ್ನೊಂದು ಇಡೀ ಬೆಳಗು ಹೃದಯಕುಂಜದ ಜಗುಲಿಗೆ.