ಚಳಿಗಾಲದಲ್ಲಿ ಅಮೆರಿಕದ ಐ-80 ಹೈವೇ ಹಿಡಿದು ಮನೆ ಬದಲಿಸುವವರೇ, ವಯೋಮಿಂಗ್ ಬಗ್ಗೆ ಎಚ್ಚರ

ಷಿಕಾಗೊ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಜನವರಿಯಲ್ಲಿ ಮನೆ ಬದಲಿಸಿ, ಕಾರಿನಲ್ಲೇ ಹೋಗುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ. ಹೊರಡುವ ಊರಿನ ಹವಾಮಾನ, ಸೇರುವ ಊರಿನ ಹವಾಮಾನ ಎರಡನ್ನೂ ನೋಡಿಕೊಂಡರೆ ಸಾಲದು. ನಮ್ಮನ್ನು ಕಟ್ಟಿಹಾಕಿದ್ದು ನಡುವೆ ಸಿಗುವ ವಯೋಮಿಂಗ್ ರಾಜ್ಯ.

ಅಲ್ಲಿ ಬೀಳುವ ಹಿಮಕ್ಕಿಂತ ಗಾಳಿಯೇ ಅಪಾಯ. ಶಯೆನ್ ದಾಟಿದ ಮೇಲೆ ರಸ್ತೆ 8,640 ಅಡಿಗೆ ಏರುತ್ತದೆ. ಇಡೀ ಐ-80ರಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಅದನ್ನು ಆರಾಮಾಗಿ ದಾಟಿದೆವು. ಲಾರಮಿ ಬಿಟ್ಟು ಎಲ್ಕ್ ಮೌಂಟನ್ ಹತ್ತಿರ ಬಂದಾಗ ಶುರುವಾಯಿತು ನೋಡಿ. ಮೇಲೆ ನೀಲಿ ಆಕಾಶ, ಹಿಮ ಬೀಳುತ್ತಲೇ ಇಲ್ಲ. ಆದರೆ ಬಯಲಲ್ಲಿ ಮೊದಲೇ ಬಿದ್ದಿದ್ದ ಪುಡಿ ಹಿಮವನ್ನು ಗಾಳಿ ರಸ್ತೆಗೆ ಅಡ್ಡಲಾಗಿ ತೂರುತ್ತಿತ್ತು. ಮುಂದಿದ್ದ ಟ್ರಕ್ಕಿನ ಮೇಲ್ಭಾಗ ಕಾಣುತ್ತಿತ್ತು, ಚಕ್ರ ಕಾಣುತ್ತಿರಲಿಲ್ಲ. ಆಮೇಲೆ ಟ್ರಕ್ಕೂ ಮಾಯ, ಕೆಂಪು ದೀಪ ಮಾತ್ರ. ಸರ್ವಿಸ್ ಮಾಡಿದವರು ಚಳಿಗೆ ತಡೆಯದ ವಾಷರ್ ಫ್ಲೂಯಿಡ್ (ಮುಂದಿನ ಗಾಜು ತೊಳೆಯುವ ದ್ರವ) ತುಂಬಿದ್ದರು. ಗಾಜಿಗೆ ಹೊಡೆದ ಕೂಡಲೇ ಅದು ಬಿಳಿ ಪರದೆಯಂತೆ ಹೆಪ್ಪುಗಟ್ಟಿತು. ಪಕ್ಕದ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿಕೊಂಡು ಓಡಿಸಬೇಕಾಯಿತು.

ಹೇಗೋ ರಾಲಿನ್ಸ್ ತಲುಪಿದೆವು. ಅಷ್ಟರಲ್ಲಿ ಹಿಂದೆ, ಮುಂದೆ ಎರಡೂ ಕಡೆ ಹೈವೇ ಗೇಟ್ ಹಾಕಿದ್ದರು. ಊರಲ್ಲಿ ಒಂದು ರೂಮೂ ಖಾಲಿ ಇಲ್ಲ. ‘ಹೈವೇ ತಾನೆ, ದಿನಾ ಹಿಮ ತೆಗೀತಾರೆ’ ಎಂದು ನಮಗೆ ಧೈರ್ಯ ಹೇಳಿದ್ದು ಸಾಮಾನು ಸಾಗಿಸುವ ಕಂಪನಿಯವರು. ತೆಗೆಯುತ್ತಾರೆ, ನಿಜ. ಗಾಳಿ ಮತ್ತೆ ತಂದು ತುಂಬುತ್ತದೆ!

ಇನ್ನೊಂದು ಮಾತು, ಇದೇ ಎಲ್ಲಕ್ಕಿಂತ ಮುಖ್ಯ. ಹೈವೇ ಮುಚ್ಚಿದ ಕೂಡಲೇ ಫೋನಿನ ಮ್ಯಾಪ್ ಯಾವುದೋ ಹಳ್ಳಿ ರಸ್ತೆ ತೋರಿಸಿ, ‘ಇಲ್ಲಿಂದ ಹೋಗಿ’ ಅಂತು. ಪೆಟ್ರೋಲ್ ಬಂಕಿನ ಹೆಂಗಸು ಅದನ್ನು ನೋಡಿ ಜೋರಾಗಿಯೇ ತಡೆದರು. ಅಂಥ ರಸ್ತೆಗಳಲ್ಲಿ ಹಿಮ ತೆಗೆಯುವ ಗಾಡಿ ಬರುವ ಭರವಸೆ ಇಲ್ಲ, ಎಷ್ಟೋ ಕಡೆ ಸಿಗ್ನಲ್ ಇಲ್ಲ. ಸಿಕ್ಕಿಹಾಕಿಕೊಂಡರೆ ಯಾರಿಗೂ ಗೊತ್ತಾಗಲ್ಲ. ಹೈವೇ ಮುಚ್ಚಿದರೆ ಊರಲ್ಲೇ ಇರಿ. ಮ್ಯಾಪ್ ಏನೇ ಹೇಳಲಿ.

ರಾತ್ರಿ ಟ್ರಕ್ ಸ್ಟಾಪಿನಲ್ಲಿ ಕಾರಿನಲ್ಲೇ ಕಳೆದೆವು. ವಯಸ್ಸಾದ ಟ್ರಕ್ ಡ್ರೈವರ್ ಒಬ್ಬರು ಕೈಯಲ್ಲಿ ಸಲಿಕೆ ಹಿಡಿದು ಒಂದೊಂದೇ ಕಾರಿನ ಕಿಟಕಿ ತಟ್ಟುತ್ತಾ ಬಂದರು. ಸೈಲೆನ್ಸರ್ ಪೈಪಿಗೆ ಹಿಮ ಮುಚ್ಚಿಕೊಂಡು ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಅವರೇ ಬಗ್ಗಿ ನಮ್ಮ ಪೈಪಿನ ಸುತ್ತ ಹಿಮ ಕೆರೆದು ತೆಗೆದರು. ಆ ಪುಣ್ಯಾತ್ಮರಿಗೆ ಎಷ್ಟು ಕೈ ಮುಗಿದರೂ ಸಾಲದು.

ದಕ್ಷಿಣದ ಐ-40 ಸುಲಭ ಅಂತಾರೆ. ಸ್ವಲ್ಪ ನಿಜ. ಆದರೆ ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಸುತ್ತಮುತ್ತ ಅದೂ 7,000 ಅಡಿ ದಾಟುತ್ತದೆ, ಹಿಮ ಚೆನ್ನಾಗಿಯೇ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಚೈನ್ ಕಂಟ್ರೋಲ್ (ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಚೈನ್ ಕಟ್ಟಬೇಕೆಂಬ ನಿಯಮ) ಹಾಕಿದಾಗ ಫೋರ್ ವೀಲ್ ಡ್ರೈವ್ ಗಾಡಿಯಲ್ಲೂ ಚೈನ್ ಇಟ್ಟುಕೊಂಡಿರಲೇಬೇಕು.

ಹಳೇ ಮನೆ ಬಿಡುವ ದಿನಕ್ಕೂ ಹೊಸ ಕೆಲಸಕ್ಕೆ ಸೇರುವ ದಿನಕ್ಕೂ ನಡುವೆ ಜಾಸ್ತಿ ದಿನ ಕೇಳಿ ಪಡೆಯಿರಿ. ಅವಸರ ಇದ್ದವರೇ ಆ ಹಳ್ಳಿ ರಸ್ತೆಗೆ ಇಳಿಯುವುದು. ವಯೋಮಿಂಗ್‌ನ 511 ರಸ್ತೆ ಮಾಹಿತಿಯನ್ನು ಪ್ರತಿ ದೊಡ್ಡ ಊರಿನಲ್ಲೂ ನೋಡಿ. ಟ್ಯಾಂಕ್ ಅರ್ಧಕ್ಕೆ ಇಳಿಯುವ ಮುಂಚೆ ತುಂಬಿಸಿ. ಮತ್ತೆ ರಜಾಯಿ, ಮಾತ್ರೆ, ಮಕ್ಕಳ ಬೆಚ್ಚನೆ ಬಟ್ಟೆ ಇವನ್ನು ಸಾಮಾನಿನ ಟ್ರಕ್ಕಿಗೆ ಹಾಕಬೇಡಿ, ನಿಮ್ಮ ಕಾರಿನಲ್ಲೇ ಕೈಗೆ ಸಿಗುವ ಹಾಗೆ ಇರಲಿ.